ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ ಎನ್ನುವವರಿಗೆ

ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಎನ್‌ಸಿಸಿಯ ಹೊಣೆಯನ್ನೂ ನೋಡಿಕೊಳ್ಳುತ್ತೇನೆ. ಹಾಗಾಗಿ ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ತಂದೆತಾಯಿಯರು ನನ್ನಲ್ಲಿ ಕೇಳುವ ಪ್ರಶ್ನೆ ಇದು: "ಮೇಡಂ, ಮಿಲಿಟರಿ ಆಫೀಸರ್ ಆಗುತ್ತೇನೆಂದು ಮಗ ಹಟ ಹಿಡಿದಿದ್ದಾನೆ. ಮೊದಲು ಡಿಗ್ರಿ ಮುಗಿಯಲಿ, ಆಮೇಲೆ ನೋಡಿದರಾಗುವುದಿಲ್ಲವೇ?" ಅರಕಲಗೂಡಿನ ಶುಂಠಿ ಬೆಳೆಗಾರರೂ ಕೇಳುತ್ತಾರೆ, ಅರಸೀಕೆರೆಯ ಶಾಲಾ ಮೇಷ್ಟರೂ ಕೇಳುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಆಗುವುದಿಲ್ಲ. ಡಿಗ್ರಿಯ ಮೊದಲ ವರ್ಷದಲ್ಲೇ ಹೆಜ್ಜೆ ಇಡಬೇಕು.

ಕಾರಣ ಹೇಳುವ ಮುನ್ನ ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಮಿಲಿಟರಿ ಎಂದ ಕೂಡಲೇ ನೆನಪಾಗುವುದು ರ್ಯಾಲಿ, ಓಟ, ಸಾಲು. ಅದು ಅಗ್ನಿವೀರರ ನೇಮಕಾತಿ. 2022ರಲ್ಲಿ ಬಂದ ಆ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಬಳಿಕ ಶೇಕಡ 25ರಷ್ಟು ಮಂದಿಗೆ ಮುಂದುವರಿಯುವ ಅವಕಾಶ. ಅದು ಗೌರವದ ಕೆಲಸ, ಅದನ್ನು ಕೀಳೆಂದು ಯಾರೂ ಭಾವಿಸಬಾರದು. ಆದರೆ ಅಧಿಕಾರಿಯಾಗುವ ದಾರಿ ಬೇರೆಯೇ ಇದೆ. ಪದವಿ ಓದುವವರಿಗೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಸಿಡಿಎಸ್ ಎಂಬ, ಸೇನಾಧಿಕಾರಿಗಳನ್ನು ಆರಿಸುವ ಲಿಖಿತ ಪರೀಕ್ಷೆ ನಡೆಸುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆಯಿಲ್ಲದ ತಾಂತ್ರಿಕ ಪ್ರವೇಶಗಳಿವೆ. ನಾನು ಹೆಚ್ಚು ಒತ್ತಿ ಹೇಳುವುದು ಎನ್‌ಸಿಸಿ ವಿಶೇಷ ಪ್ರವೇಶವನ್ನು. ಎನ್‌ಸಿಸಿಯ ಕೊನೆಯ ಹಂತದ ಪರೀಕ್ಷೆ ಪಾಸಾದವರಿಗೆ ಸಿಗುವ 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇಕಡ 50 ಅಂಕ, 19ರಿಂದ 25ರೊಳಗಿನ ವಯಸ್ಸು ಇದ್ದವರು ಲಿಖಿತ ಪರೀಕ್ಷೆ ಬರೆಯಬೇಕಾಗಿಲ್ಲ. ಅರ್ಜಿ ಆಯ್ಕೆಯಾದರೆ ನೇರವಾಗಿ ಎಸ್‌ಎಸ್‌ಬಿ, ಅಂದರೆ ಸೇನಾಧಿಕಾರಿಗಳ ಆಯ್ಕೆ ಮಂಡಳಿಯ ಸಂದರ್ಶನ. ಅದರಲ್ಲಿ ಗೆದ್ದು, ವೈದ್ಯಕೀಯ ಪರೀಕ್ಷೆ ದಾಟಿ, ಅರ್ಹತಾ ಪಟ್ಟಿಯಲ್ಲಿ ಹೆಸರು ಬಂದರೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ. ಆ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಹಿಂದಿನ ವರ್ಷಗಳಲ್ಲಿ ಶೇಕಡ 50 ಅಂಕ ಇದ್ದವರು ಅಂತಿಮ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು.

ಈ 'ಸಿ' ಸರ್ಟಿಫಿಕೇಟ್ ಮೂರು ವರ್ಷದ ಫಲ. ಪೆರೇಡ್‌ಗಳಿಗೆ ತಪ್ಪದೆ ಬಂದು, ಕ್ಯಾಂಪ್‌ಗಳಿಗೆ ಹೋಗಿ, ಅದಕ್ಕೂ ಹಿಂದಿನ ಹಂತದ 'ಬಿ' ಪರೀಕ್ಷೆ ಪಾಸಾದ ಮೇಲೆಯೇ ಅದಕ್ಕೆ ಕೂರಬೇಕು. ಮೊದಲ ವರ್ಷ ಹೆಸರು ಬರೆಸದ ಹುಡುಗ ಮೂರನೆಯ ವರ್ಷ ಬಂದು ಎಷ್ಟು ಬೇಡಿಕೊಂಡರೂ ನಾನೇನೂ ಮಾಡಲಾರೆ. ಅಂಥವರನ್ನು ವಾಪಸು ಕಳಿಸುವಾಗ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅವರಲ್ಲಿ ಕೆಲವರು ನಿಜಕ್ಕೂ ಯೋಗ್ಯರಿರುತ್ತಾರೆ.

"ಎನ್‌ಸಿಸಿಗೆ ಸೇರಿದರೆ ಸೈನ್ಯಕ್ಕೆ ಹೋಗಲೇಬೇಕಾಗುತ್ತದೆಯೇ?" ಎಂದು ತಾಯಂದಿರು ಭಯದಿಂದ ಕೇಳುತ್ತಾರೆ. ಇಲ್ಲ. 1948ರಲ್ಲಿ ಕಾಯ್ದೆಯ ಮೂಲಕ ಎನ್‌ಸಿಸಿ ಹುಟ್ಟಿದಾಗಿನಿಂದಲೂ ಕೆಡೆಟ್‌ಗಳ ಮೇಲೆ ಅಂಥ ಕಟ್ಟುಪಾಡಿಲ್ಲ. ಇಷ್ಟವಾಗದಿದ್ದರೆ ಬ್ಯಾಂಕಿಗೂ ಹೋಗಬಹುದು, ಬೇಸಾಯಕ್ಕೂ ಹೋಗಬಹುದು.

ಸರ್ಟಿಫಿಕೇಟ್‌ಗಿಂತ ದೊಡ್ಡ ಕಾರಣವೊಂದಿದೆ. ಎಸ್‌ಎಸ್‌ಬಿಗೆ ಹೋದವರಿಗೆ ಅಲ್ಲಿ ಒಂದು ಮಾಹಿತಿ ನಮೂನೆ ಕೊಡುತ್ತಾರೆ. ಹತ್ತನೆಯ ತರಗತಿಯಿಂದ ಬಂದ ಅಂಕಗಳೇನು, ಯಾವ ಆಟ ಆಡುತ್ತೀರಿ, ಎಷ್ಟು ಕಾಲದಿಂದ ಆಡುತ್ತೀರಿ, ಹವ್ಯಾಸವೇನು, ಯಾವ ಜವಾಬ್ದಾರಿ ಹೊತ್ತಿದ್ದೀರಿ, ಎಲ್ಲವನ್ನೂ ಬರೆಯಬೇಕು. ಸಂದರ್ಶನದ ಪ್ರಶ್ನೆಗಳು ಹೆಚ್ಚಾಗಿ ಅದರಿಂದಲೇ ಹುಟ್ಟುತ್ತವೆ. ಆ ಕಾಗದ ತುಂಬಲು ಅರ್ಧ ಗಂಟೆ ಸಾಕು, ಅದರಲ್ಲಿ ಬರೆಯುವಂಥದ್ದನ್ನು ಬದುಕಲು ವರ್ಷಗಳೇ ಬೇಕು. ಕ್ಯಾಂಪ್‌ನಲ್ಲಿ ಅಡುಗೆ ಸಾಮಾನಿನ ಲೆಕ್ಕ ನೋಡಿಕೊಂಡ ಹುಡುಗನಿಗೆ ಹೇಳಲು ಏನಾದರೂ ಇರುತ್ತದೆ. ಕೊನೆಯ ವರ್ಷದ ರಜೆಯಲ್ಲಿ ತರಬೇತಿ ಕೇಂದ್ರಕ್ಕೆ ಸೇರಿ ಸಿದ್ಧ ಉತ್ತರ ಬಾಯಿಪಾಠ ಮಾಡಿದವನಿಗೆ ಎರಡನೆಯ ಪ್ರಶ್ನೆಗೇ ಮಾತು ನಿಲ್ಲುತ್ತದೆ.

ಬಾಯಿಪಾಠ ಅಲ್ಲಿ ಏಕೆ ನಡೆಯುವುದಿಲ್ಲ ಎಂದರೆ ಆಯ್ಕೆಯ ರೀತಿಯೇ ಹಾಗಿದೆ. ಐದು ದಿನಗಳ ಈ ಪ್ರಕ್ರಿಯೆಯಲ್ಲಿ ಮೊದಲ ದಿನವೇ ಒಂದು ಜರಡಿ ಹಿಡಿದು ಬಹಳ ಮಂದಿಯನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು: ಒಂದರ ಹಿಂದೆ ಒಂದರಂತೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡ್, ಪದ ನೋಡಿ ಹೊಳೆದದ್ದನ್ನು ವಾಕ್ಯವಾಗಿ ಬರೆಯಬೇಕು. ಆಮೇಲೆ 60 ಸನ್ನಿವೇಶಗಳು, 30 ನಿಮಿಷ. ಯೋಚಿಸಿ ನಟಿಸಲು ಬಿಡುವೇ ಇಲ್ಲ. ಬಳಿಕ ಮೈದಾನದಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಇಡೀ ಗುಂಪು ಅಡೆತಡೆ ದಾಟಬೇಕು. ಅಲ್ಲಿ ತಾನೊಬ್ಬನೇ ಮುಂದೆ ಓಡಿದವನನ್ನೂ ನೋಡುತ್ತಾರೆ, ಹಿಂದೆ ಉಳಿದವನ ಕೈ ಹಿಡಿದವನನ್ನೂ ನೋಡುತ್ತಾರೆ. ಮನಶ್ಶಾಸ್ತ್ರಜ್ಞರು, ಮೈದಾನದ ಅಧಿಕಾರಿ, ಸಂದರ್ಶಕರು ಬೇರೆ ಬೇರೆಯಾಗಿ ಅಳೆದು ಕೊನೆಯ ದಿನ ಒಟ್ಟಾಗಿ ಕೂತು ತೀರ್ಮಾನಿಸುತ್ತಾರೆ. ಮೂವರ ಮುಂದೆಯೂ ಒಂದೇ ವ್ಯಕ್ತಿಯಾಗಿ ಕಾಣಬೇಕಾದರೆ ಇದ್ದಂತೆಯೇ ಇರುವುದೊಂದೇ ಉಪಾಯ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಅಂಜಿಕೆ ದೊಡ್ಡದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಗುಂಪು ಚರ್ಚೆಯಲ್ಲಿ ಬಾಯಿ ತೆರೆಯದೆ ಉಳಿದುಬಿಡುವ ಜಾಣ ಮಕ್ಕಳಿದ್ದಾರೆ. ಆದರೆ ಅಲ್ಲಿ ಬೇಕಾದದ್ದು ಅಲಂಕಾರದ ಭಾಷೆಯಲ್ಲ, ವಿಷಯವನ್ನು ನೇರವಾಗಿ ಹೇಳುವ ಸಣ್ಣ ವಾಕ್ಯಗಳು. ದಿನವೂ ಪತ್ರಿಕೆಯ ಒಂದು ಸುದ್ದಿಯನ್ನು ಗೆಳೆಯನೊಬ್ಬನಿಗೆ ಗಟ್ಟಿಯಾಗಿ ವಿವರಿಸುತ್ತಾ ಬಂದರೆ ಮೂರು ವರ್ಷದಲ್ಲಿ ನಾಲಿಗೆ ಹದಕ್ಕೆ ಬರುತ್ತದೆ. ಇದೂ ಮೊದಲ ವರ್ಷದಲ್ಲೇ ಆರಂಭಿಸಬೇಕಾದ ಕೆಲಸ.

ಹೆಣ್ಣುಮಕ್ಕಳ ಮನೆಯವರ ಪ್ರಶ್ನೆ ಬೇರೆ. ಡಿಗ್ರಿ ಮುಗಿಯುತ್ತಿದ್ದಂತೆ ಜಾತಕ ಹೊರಬರುತ್ತದೆ. ಈ ಪ್ರವೇಶವೋ ಅವಿವಾಹಿತರಿಗೆ ಮಾತ್ರ, ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಎನ್‌ಸಿಸಿ ಮೂಲಕ ಅವರಿಗಿರುವ ಸೀಟುಗಳೂ ಬೆರಳೆಣಿಕೆಯವು. ಇವೆಲ್ಲ ನಿಜ. ಇದರ ಜೊತೆಗೆ 1992ರಿಂದ ಚೆನ್ನೈ ಅಕಾಡೆಮಿಯಲ್ಲಿ ಮಹಿಳೆಯರು ಅಧಿಕಾರಿಗಳಾಗಿ ತಯಾರಾಗುತ್ತಿದ್ದಾರೆ ಎಂಬುದೂ, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಅಧಿಕಾರಿ ಸೇವೆ, ಸಿಗಬೇಕೆಂದು ತೀರ್ಪು ಕೊಟ್ಟಿತು ಎಂಬುದೂ ನಿಜ. ಎರಡು ಮೂರು ವರ್ಷ ಕಾಯಿರಿ ಎಂದು ನಾನು ತಂದೆಯರನ್ನು ಬೇಡಿಕೊಳ್ಳುತ್ತೇನೆ. ಬೆಳಗಿನ ಮಂಜಿನಲ್ಲಿ ಹಳ್ಳಿಯಿಂದ ಮೊದಲ ಬಸ್ ಹಿಡಿದು ಪೆರೇಡ್‌ಗೆ ಬರುವ ಹುಡುಗಿಗೆ ಅಷ್ಟು ಕಾಲ ಕೊಡುವುದು ಭಾರವಲ್ಲ.

"ಅದೆಲ್ಲ ಕೊಡಗಿನವರಿಗೆ" ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ನೆಲ ನಮ್ಮ ಜಿಲ್ಲೆಯ ಗಡಿಗೇ ತಾಗಿದೆ. ನಮ್ಮದೇ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡವರು. ಎನ್‌ಸಿಸಿ ಪ್ರವೇಶದಿಂದ ಸಿಗುವ ಅಲ್ಪಾವಧಿ ಕಮಿಷನ್‌ನಲ್ಲಿ, ಅಂದರೆ ಸೀಮಿತ ಕಾಲದ ಅಧಿಕಾರಿ ಸೇವೆಯಲ್ಲಿ, ಹತ್ತು ವರ್ಷ ಕಳೆದ ಮೇಲೆ ಗತಿಯೇನು ಎನ್ನುವವರಿಗೂ ನಾನು ಅವರನ್ನೇ ತೋರಿಸುತ್ತೇನೆ. ಕ್ಯಾಪ್ಟನ್ ಆಗಿದ್ದಾಗಲೇ ಸೈನ್ಯ ಬಿಟ್ಟು ಬಂದು ಇದೇ ಜಿಲ್ಲೆಯಲ್ಲಿ ಬೇಸಾಯ ಮಾಡಿದರು, ಏರ್ ಡೆಕ್ಕನ್ ಎಂಬ ವಿಮಾನ ಸಂಸ್ಥೆ ಕಟ್ಟಿ 2003ರಲ್ಲಿ ವಿಮಾನಗಳನ್ನೇ ಹಾರಿಸಿದರು. ಎಲ್ಲರೂ ಹಾಗಾಗುವುದಿಲ್ಲ. ಆದರೆ ಮೂವತ್ತೈದರ ಆಸುಪಾಸಿನಲ್ಲಿ ಸೈನ್ಯದಿಂದ ಹೊರಬಂದ ಅಧಿಕಾರಿ ಕೆಲಸವಿಲ್ಲದೆ ಕೂರುತ್ತಾನೆಂಬ ಭಯಕ್ಕೆ ಆಧಾರವಿಲ್ಲ.

ಹಾಗಾಗಿ ಮೊದಲ ವರ್ಷದ ತರಗತಿಗಳು ಶುರುವಾದ ಕೂಡಲೇ ನಿಮ್ಮ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಕಾಣಿರಿ. ಸೀಟುಗಳು ಮಿತವಾಗಿರುವುದರಿಂದ ಓಟ ಮತ್ತು ಮಾತುಕತೆ ನಡೆಸಿಯೇ ಆರಿಸುತ್ತೇವೆ. ಪಿಯುಸಿ ಪರೀಕ್ಷೆ ಮುಗಿದ ಮಾರನೆಯ ದಿನದಿಂದ ಓಡಲು ಆರಂಭಿಸಿರಿ.