ವರ್ಸೋವಾದಲ್ಲಿ ಇಳಿತದ ಹೊತ್ತು

ಧಾರವಾಡದ ಚಿತ್ರಕಾರ ಗೆಳೆಯ ಊರೂರು ತಿರುಗುತ್ತ ಬಂದು ನಾಲ್ಕು ದಿನ ನಮ್ಮನೆಯಲ್ಲಿದ್ದ. ನಿನ್ನೆ ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಮುಂಬಯಿಯ ಮೀನುಗಾರರ ಕೇರಿ ವರ್ಸೋವಾ ಕೋಳಿವಾಡಕ್ಕೆ ಕರೆದೊಯ್ದ. ಇಳಿತದ ಸಮಯ. ನೀರು ಹಿಂದೆ ಸರಿದು ದೋಣಿಗಳೆಲ್ಲ ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿದ್ದವು.

"ಹಿಂಗ ವಾಲಿದಾಗ ನೋಡಪಾ, ದೋಣಿ ಹೊಟ್ಟಿ ಪೂರಾ ಕಾಣ್ತದ. ನೀರು ಏರಿದ್ರ ಅರ್ಧ ಮುಚ್ಚಿಹೋಗ್ತದ" ಎಂದ.

ಒಂದೊಂದು ದೋಣಿ ಬರೆಯಲು ಎರಡೇ ನಿಮಿಷ. ಮೊದಲು ಮೂತಿಯಿಂದ ಹಿಂಬದಿಯವರೆಗೆ ಒಂದು ಬಾಗು, ಆಮೇಲೆ ಕಂಬ, ಕೊನೆಗೆ ಬಾವುಟಕ್ಕೊಂದು ಗೀಟು. ರಬ್ಬರ್ ಮುಟ್ಟಲೇ ಇಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸು ಹಾದುಹೋಗುವಷ್ಟರಲ್ಲಿ ಅವಳ ನಡಿಗೆ ಹಾಳೆಯ ಮೇಲಿತ್ತು. ಮುಖ ಬರೆದಿರಲಿಲ್ಲ, ಬೇಕೂ ಇರಲಿಲ್ಲ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇದೇ ಮುಂಬಯಿಯಲ್ಲಿ ಬಾಳಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖೆಗಳು ನೆನಪಾದವು. ಕುಣಿಯುವ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದವರು. ನಮ್ಮವರು ಅನ್ನುವ ಹೆಮ್ಮೆ ನನಗೆ ಯಾವತ್ತೂ ಇದೆ.

ಹದಿನೈದು ವರ್ಷದಿಂದ ಅಂಧೇರಿಯಲ್ಲಿದ್ದೇನೆ. ಈ ದೋಣಿಗಳ ಫೋಟೊ ಎಷ್ಟೋ ಸಲ ತೆಗೆದಿದ್ದೇನೆ, ಇಷ್ಟು ಹೊತ್ತು ನೋಡಿದ್ದು ಮಾತ್ರ ಇದೇ ಮೊದಲು.

ಒಂದು ಹಾಳೆ ಹರಿದು ಕೊಟ್ಟು ರಾತ್ರಿ ಬಸ್ಸಿಗೆ ಹೊರಟುಹೋದ. ಅಂಚಿನಲ್ಲಿ ಅವನ ಹೆಬ್ಬೆರಳಿನ ಕೆಸರು ಅಂಟಿದೆ. ಇವತ್ತು ಫ್ರೇಮ್ ಹಾಕಿಸಲು ಕೊಟ್ಟೆ, ಆ ಗುರುತು ಒರೆಸಬೇಡಿ ಅಂತ ಹೇಳಿ.