ನೀರು ಬಿಡದ ಫ್ರೂಟ್ ಸಲಾಡ್

ಮನೆಯಲ್ಲಿ ಮಾಡಿದ ಕೆನೆ ಫ್ರೂಟ್ ಸಲಾಡ್ ಕಲಸಿದ ಹೊತ್ತಿಗೆ ಚೆನ್ನಾಗೇ ಇರುತ್ತೆ. ನೆಂಟರ ಊಟ ಮುಗಿಯೋ ಹೊತ್ತಿಗೆ ತಳದಲ್ಲಿ ತೆಳ್ಳನೆ ಗುಲಾಬಿ ಬಣ್ಣದ ನೀರು ನಿಂತಿರುತ್ತೆ, ಗೋಡಂಬಿ ಮೆತ್ತಗಾಗಿರುತ್ತೆ, ಅನಾನಸ್ ಹಾಕಿದ್ರೆ ಕಹಿ ಬೇರೆ. ಕಸ್ಟರ್ಡ್ ಪುಡಿ ಹಾಕಿ ಮಾಡೋ ಹೋಟೆಲ್ ಸಲಾಡ್‌ಗೆ ಈ ತಾಪತ್ರಯ ಕಮ್ಮಿ, ಗಂಜಿಯ ಗುಣ ಅದನ್ನ ಹಿಡಿದಿಡುತ್ತೆ. ಆದರೆ ಮೊಸರು-ಕೆನೆಯ ರುಚಿ ಅದರಲ್ಲಿ ಎಲ್ಲಿಂದ ಬರಬೇಕು?

ಆರು ಜನಕ್ಕೆ ಅಳತೆ ಹೀಗೆ. ಅರ್ಧ ಲೀಟರ್ ಗಟ್ಟಿ ಮೊಸರು, 120 ಮಿ.ಲೀ. ಫ್ರೆಶ್ ಕ್ರೀಂ, 3 ಚಮಚ ಪುಡಿ ಸಕ್ಕರೆ, 2 ಏಲಕ್ಕಿ, ಚಿಟಿಕೆ ಉಪ್ಪು. ಸೇಬು 2, ಬೀಜವಿಲ್ಲದ ದ್ರಾಕ್ಷಿ 200 ಗ್ರಾಂ, ಅನಾನಸ್ 200 ಗ್ರಾಂ, ಅರ್ಧ ದಾಳಿಂಬೆ, 3 ಪುಟ್ಟಬಾಳೆ. ಗೋಡಂಬಿ 40 ಗ್ರಾಂ, ಅಕ್ರೋಟ 40 ಗ್ರಾಂ, ಒಣದ್ರಾಕ್ಷಿ 2 ಚಮಚ. ಉಪ್ಪು ಬಿಡಬೇಡಿ. ಅದಿಲ್ಲದಿದ್ರೆ ಬರೀ ಸಿಹಿ ನಾಲಿಗೆಗೆ ಬೇಗ ಸಾಕೆನಿಸುತ್ತೆ.

ಮೊದಲು ಮೊಸರು. ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್‌ನಲ್ಲೇ ನಾಲ್ಕೈದು ತಾಸು ಬಿಡಿ. ಅಡುಗೆಮನೆ ಮೊಳೆಗೆ ನೇತುಹಾಕಿದ್ರೆ ನೀರೇನೋ ಇಳಿಯುತ್ತೆ, ಜೊತೆಗೆ ಹುಳಿಯೂ ಏರುತ್ತೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡೋ ಊರಾದ್ರೆ ಹಿಂದಿನ ರಾತ್ರಿಯೇ ಕಟ್ಟಿಟ್ಟು ಮುಗಿಸಿಕೊಳ್ಳಿ. ಕೊನೆಗೆ ಉಳಿಯೋದು ಸುಮಾರು 200 ರಿಂದ 250 ಗ್ರಾಂ ಗಟ್ಟಿ ಮೊಸರು. ಬೆರಳಲ್ಲಿ ಗೆರೆ ಎಳೆದ್ರೆ ಗೆರೆ ಹಾಗೇ ನಿಲ್ಲಬೇಕು. ಇಳಿದ ನೀರನ್ನ ಚೆಲ್ಲಬೇಡಿ, ತಂಬುಳಿಗೆ ಆಗುತ್ತೆ.

ಅಂಗಡಿಯ ಫ್ರೆಶ್ ಕ್ರೀಂನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 25ರ ಆಸುಪಾಸು. ಅದು ಎಷ್ಟು ಕಡೆದರೂ ಉಬ್ಬೋದಿಲ್ಲ, ಉಬ್ಬಬೇಕಾದ್ರೆ ಶೇ. 30ಕ್ಕಿಂತ ಜಾಸ್ತಿ ಬೇಕು. ನಮಗೆ ಉಬ್ಬೋದು ಬೇಕಾಗಿಯೂ ಇಲ್ಲ. ಪ್ಯಾಕೆಟ್ ಅಲ್ಲಾಡಿಸದೆ ಫ್ರಿಜ್‌ನಲ್ಲಿಟ್ಟು, ಮೇಲಿನ ಗಟ್ಟಿ ಭಾಗ ಮಾತ್ರ ತೆಗೆದುಕೊಳ್ಳಿ. ಮನೆ ಹಾಲಿನ ಕೆನೆ ಬಳಸೋದಾದ್ರೆ ಜರಡಿಯಲ್ಲಿ ಉಜ್ಜಿ, ಚಮಚದಲ್ಲೇ ಕಲಸಿ. ಮಿಕ್ಸಿಗೆ ಹಾಕಿದ್ರೆ ಕಣ್ಣೆದುರೇ ಬೆಣ್ಣೆ ಹರಳುಗಟ್ಟುತ್ತೆ. ಮೊಸರಿಗೆ ಪುಡಿ ಸಕ್ಕರೆ, ಏಲಕ್ಕಿ, ಉಪ್ಪು ಸೇರಿಸಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಕೆನೆ ಬೆರೆಸಿ ತಣ್ಣಗಿಡಿ. ಸಕ್ಕರೆಯನ್ನ ಹೆಚ್ಚಿದ ಹಣ್ಣಿನ ಮೇಲೆ ಯಾವತ್ತೂ ಉದುರಿಸಬೇಡಿ. ಹಣ್ಣಿನೊಳಗಿನ ನೀರನ್ನೆಲ್ಲ ಅದು ಹೊರಗೆಳೆಯುತ್ತೆ, ಆ ಗುಲಾಬಿ ನೀರಿನ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು.

ಇನ್ನು ಅನಾನಸ್. ಸಾಗರ, ಸೊರಬದ ಕಡೆ ತೋಟದಲ್ಲೇ ಹಣ್ಣು ಸಿಗೋವಾಗ ಡಬ್ಬಿಯದನ್ನ ಯಾಕೆ ತರಬೇಕು ಅನ್ನಿಸುತ್ತೆ, ಸರಿಯೇ. ಆದರೆ ಹಸಿಯಾಗಿ ಮಾತ್ರ ಹಾಕಬೇಡಿ. ಅದರಲ್ಲಿರೋ ಬ್ರೋಮೆಲಿನ್ ಅನ್ನೋ ಕಿಣ್ವ ಹಾಲಿನ ಪ್ರೋಟೀನನ್ನ ತುಂಡು ತುಂಡು ಮಾಡುತ್ತೆ. ಆ ತುಂಡುಗಳೇ ಕಹಿ, ಜೊತೆಗೆ ಮೊಸರೂ ತೆಳ್ಳಗಾಗುತ್ತೆ. ಬಿಸಿ ತಾಗಿದ್ರೆ ಕಿಣ್ವದ ಆಟ ಮುಗೀತು. ಡಬ್ಬಿಯ ಅನಾನಸ್ ಕಹಿಯಾಗದ್ದಕ್ಕೂ ಇದೇ ಕಾರಣ, ಅದನ್ನ ಮೊದಲೇ ಬೇಯಿಸಿರ್ತಾರೆ. ಕಣ್ಣು, ನಡುವಿನ ಗಟ್ಟಿ ದಿಂಡು ತೆಗೆದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ. ಮೇಲಿನ ಅಳತೆಯದಲ್ಲದೆ ಬೇರೆ 3 ಚಮಚ ಸಕ್ಕರೆ, ಕಾಲು ಲೋಟ ನೀರು ಹಾಕಿ, ಕುದಿ ಬಂದ ಮೇಲೆ ಎಂಟು ನಿಮಿಷ ಬೇಯಿಸಿ. ಜರಡಿಗೆ ಸುರಿದು ಪೂರ್ತಿ ಆರಿಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಪಾಕ ಶರಬತ್ತಿಗೆ. ಕಿವಿ ಹಣ್ಣು, ಪೂರ್ತಿ ಹಣ್ಣಾಗದ ಪಪ್ಪಾಯ ಕೂಡ ಇದೇ ಕಿತಾಪತಿ ಮಾಡುತ್ತವೆ. ಕಿತ್ತಳೆ, ಕಲ್ಲಂಗಡಿ ನೀರು ಬಿಡುತ್ತವೆ, ಈ ಸಲಾಡ್‌ಗೆ ಬೇಡವೇ ಬೇಡ. ಹಲಸಿನ ಕಾಲದಲ್ಲಿ ಬಕ್ಕೆ (ಗಟ್ಟಿ ತೊಳೆಯ ಹಲಸು) ಹಣ್ಣಿನ ನಾಲ್ಕು ತೊಳೆ ಸಣ್ಣಗೆ ಸೀಳಿ ಹಾಕಿ ನೋಡಿ, ಗರಿಗರಿಯಾಗಿರುತ್ತೆ, ನೀರೂ ಬಿಡಲ್ಲ.

ಸೇಬು ಹೆಚ್ಚುತ್ತಲೇ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆರಸ ಹಿಂಡಿದ್ದರಲ್ಲಿ ಮುಳುಗಿಸಿ, ಐದು ನಿಮಿಷಕ್ಕೆ ತೆಗೆದು ಒರೆಸಿ. ಜಾಸ್ತಿ ಹೊತ್ತು ಬಿಟ್ಟರೆ ಹುಳಿ ಹಿಡಿಯುತ್ತೆ. ದ್ರಾಕ್ಷಿ ಸಣ್ಣದಿದ್ರೆ ಇಡಿಯಾಗಿ ಹಾಕಿ. ಸೀಳಿದ ದ್ರಾಕ್ಷಿ ರಸ ಬಿಡುತ್ತೆ.

ಅಕ್ರೋಟದ ಸಿಪ್ಪೆ ಒಗರು. ಕುದಿಯೋ ನೀರಲ್ಲಿ ಒಂದು ನಿಮಿಷ ಹಾಕಿ ತೆಗೆದು, ಒರೆಸಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿದ್ರೆ ಒಗರು ಬಹಳಷ್ಟು ಹೋಗುತ್ತೆ. ಗೋಡಂಬಿಗೆ ಐದು ನಿಮಿಷ ಸಾಕು, ಹೊಂಬಣ್ಣಕ್ಕೆ ಇನ್ನೊಂಚೂರು ಮುಂಚೆಯೇ ಇಳಿಸಿ, ಬಾಣಲೆಯ ಬಿಸಿಗೇ ಉಳಿದದ್ದು ಆಗುತ್ತೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ. ಜುಲೈ ಮಳೆಯಲ್ಲಿ ತೀರ್ಥಹಳ್ಳಿ, ಆಗುಂಬೆಯ ಕಡೆ ತಟ್ಟೆಯಲ್ಲಿ ಬಿಟ್ಟ ಗೋಡಂಬಿ ನೋಡನೋಡುತ್ತಲೇ ಥಂಡಿ ಹಿಡಿಯುತ್ತೆ. ಬಿಸಿ ಇರೋವಾಗಲೇ ಮುಚ್ಚಿದ್ರೂ ಅದೇ ಗತಿ, ಮುಚ್ಚಳದ ಒಳಗೆ ಬೆವರು ಕೂರುತ್ತೆ. ಒಣದ್ರಾಕ್ಷಿಯನ್ನ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಒರೆಸಿಕೊಳ್ಳಿ. ನೆನೆಸದಿದ್ರೆ ಕೆನೆಯ ನೀರು ಕುಡಿಯುತ್ತೆ, ಅದೂ ಒಂದು ಉಪಾಯವೇ. ಕೆನೆ ತೆಳ್ಳಗಾಗಿದೆ ಅನ್ನಿಸಿದ ದಿನ ನೆನೆಸದೇ ಹಾಕಿ.

ಸೇಬು, ದ್ರಾಕ್ಷಿ, ಅನಾನಸ್, ಒಣದ್ರಾಕ್ಷಿಯನ್ನ ಕೆನೆಗೆ ಸೇರಿಸಿ, ಕೆಳಗಿಂದ ಮೇಲಕ್ಕೆ ನಾಲ್ಕೈದು ಸಲ ಮಗುಚಿ, ಒಂದು ತಾಸು ತಣ್ಣಗಿಡಿ. ಬಡಿಸೋ ಹೊತ್ತಿಗೆ ಬಾಳೆಹಣ್ಣು ಹೆಚ್ಚಿ ಹಾಕಿ. ಪಚ್ಚಬಾಳೆಗಿಂತ ಪುಟ್ಟಬಾಳೆ ಮೇಲು, ಗಟ್ಟಿಯಾಗಿರುತ್ತೆ, ಸಣ್ಣ ಹುಳಿಯೂ ಇರುತ್ತೆ. ರಸಾಯನಕ್ಕೆ ಇಟ್ಟ ಕಳಿತ ಹಣ್ಣು ಇಲ್ಲಿ ಲೋಳೆಯಾಗುತ್ತೆ. ದಾಳಿಂಬೆ, ಗೋಡಂಬಿ, ಅಕ್ರೋಟ ಬಟ್ಟಲಿಗೆ ಹಾಕಿದ ಮೇಲೆ ಮೇಲಿಂದ ಉದುರಿಸೋದು.

ಬಾಳೆಹಣ್ಣು ಹಾಕದ ಭಾಗ ಫ್ರಿಜ್‌ನಲ್ಲಿ ಮರುದಿನದವರೆಗೆ ಇರುತ್ತೆ. ಹಾಕಿದ್ದು ಉಳಿದರೆ ಅವತ್ತೇ ಅರ್ಧ ಲೋಟ ತಣ್ಣನೆ ಹಾಲಿನ ಜೊತೆ ಮಿಕ್ಸಿಯಲ್ಲಿ ತಿರುವಿ ಮಕ್ಕಳಿಗೆ ಕೊಡಿ.