ಇಟ್ಟು ಕೆಟ್ಟದ್ದು

"ಆಡಿ ಕೆಟ್ಟದ್ದಲ್ಲ ತಂಗಿ ಇದು, ಇಟ್ಟು ಕೆಟ್ಟದ್ದು."

ಮೊನ್ನೆ ಶನಿವಾರ ಕುಮಟೆಯ ರಿಪೇರಿ ಅಂಗಡಿಯಲ್ಲಿ ಕೇಳಿದ ಈ ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಹೇಳಿದವರು ಬೈದದ್ದಲ್ಲ, ಬುದ್ಧಿ ಹೇಳುವ ಧಾಟಿಯೂ ಅದರಲ್ಲಿರಲಿಲ್ಲ. ಕನ್ನಡಕ ಹಣೆಗೇರಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಬೋರ್ಡಿನ ಮೂಲೆಯೊಂದನ್ನು ತೋರಿಸಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು. ನಾನು ಸಿರ್ಸಿಗೆ ವಾಪಸು ಬರುವಾಗ ದೇವಿಮನೆ ಘಟ್ಟದ ತಿರುವುಗಳಲ್ಲೆಲ್ಲ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ತವರಿನಲ್ಲಿ ಆಯಿಯ, ಅಂದರೆ ಅಮ್ಮನ, ಕಪಾಟು ಖಾಲಿ ಮಾಡುವಾಗ ಸಿಕ್ಕಿದ್ದು ನಮ್ಮ ವಿಡಿಯೋ ಗೇಮ್. ಕೊಂಕಣ ರೈಲು ಪೂರ್ತಿಯಾದ 1998ರಲ್ಲಿ ಅಪ್ಪ ಮಡಗಾಂವಿಗೆ ಹೋಗಿ ತಂದಿದ್ದರು. ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರ್ ಅನ್ನುವ ಗೇಮ್ ಯಂತ್ರದ ನಕಲು ಅದು. ಅಂಥವು ಆಗ ಮೀಡಿಯಾ, ಲಿಟಲ್ ಮಾಸ್ಟರ್ ಅಂತ ಏನೇನೋ ಹೆಸರಿನಲ್ಲಿ ಊರೂರಿಗೆ ಬಂದಿದ್ದವು. ನಮ್ಮದರ ಮೇಲಿನ ಹೆಸರು ಯಾವಾಗಲೋ ಉಜ್ಜಿಹೋಗಿದೆ. ಅಸಲಿ ಯಂತ್ರಕ್ಕೆ ಕೆಲಸ ಮಾಡಲು ಇದ್ದ ಮೆಮೊರಿ 2 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಆಟದೊಳಗಿನ ಟೊಪ್ಪಿಯ ಮಾರಿಯೋ ಓಡಿದ, ಹಾರಿದ, ನಮ್ಮ ಬೇಸಿಗೆ ರಜೆಗಳನ್ನೆಲ್ಲ ನುಂಗಿದ.

ಆಯಿ ಅದನ್ನು ಇಟ್ಟ ರೀತಿ ನೋಡಿ ನನಗೆ ಕಣ್ಣು ತುಂಬಿ ಬಂತು. ಮೊದಲು ಪ್ಲಾಸ್ಟಿಕ್ ಕೊಟ್ಟೆ, ಅದರ ಮೇಲೆ ಅಪ್ಪನ ಹಳೇ ಪಂಚೆ, ಗಂಟಿನ ಸಂದಿಯಲ್ಲಿ ನುಸಿಗುಳಿಗೆ. ಕಂಟ್ರೋಲರಿನ ವೈರುಗಳನ್ನು ಎಳೆದು ಬಿಗಿದು ಯಂತ್ರದ ಮೈಗೇ ಸುತ್ತಿದ್ದಳು. ಆಟಗಳಿರುವ ಕ್ಯಾಸೆಟ್ಟುಗಳಲ್ಲಿ ಒಂದೂ ಕಳೆದಿರಲಿಲ್ಲ. ಟೀವಿಗೆ ಗುರಿಯಿಟ್ಟು ಹೊಡೆಯುವ ಆಟದ ಗನ್ ಸಹ ಇತ್ತು. ಮನೆಯಲ್ಲಿ ಉಳಿದದ್ದೆಲ್ಲ ಉಳಿದಿರುವುದು ಆಯಿ ಇಟ್ಟದ್ದರಿಂದಲೇ, ಇದನ್ನು ನಾನು ಯಾರ ಎದುರಿಗೂ ಹೇಳುತ್ತೇನೆ.

ಮೊದಲು ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಒಯ್ದೆ. ಹುಡುಗ ಕೈಗೆ ತೆಗೆದುಕೊಳ್ಳಲೂ ಇಲ್ಲ. "ಅಕ್ಕಾ, ಇದ್ನ ಬಿಟ್ಟಾಕಿ. ಟೀವಿ ಹಿಂದೆ ಚುಚ್ಚೋ ಸ್ಟಿಕ್ ಬರ್ತದೆ, ಸಾವಿರಾರು ಗೇಮ್ ಇರ್ತದೆ ಅದ್ರಲ್ಲಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಬಿಚ್ಚಿ ನೋಡದೆ ಎಸೆಯಿರಿ ಅನ್ನುವವನ ಕೈಗೆ ನಾನು ಯಾವ ವಸ್ತುವನ್ನೂ ಕೊಡುವುದಿಲ್ಲ. ಅಲ್ಲಿಂದ ಹೋದದ್ದು ಅಪ್ಪನ ಕಾಲದಿಂದ ನಮ್ಮ ಮನೆಯ ರೇಡಿಯೋ, ಟೀವಿ, ಮಿಕ್ಸರ್ ಎಲ್ಲ ನೋಡುತ್ತ ಬಂದ ಮಾಮನ ಅಂಗಡಿಗೆ. ವಯಸ್ಸಾಗಿದೆ, ಕೈ ತುಸು ನಡುಗುತ್ತದೆ. ಕಾಯಿಸಿದ ಸೋಲ್ಡರಿಂಗ್ ಐರನ್ ಹಿಡಿದರೆ ಮಾತ್ರ ನಡುಗುವುದಿಲ್ಲ.

ಅವರು ಮೊದಲು ಕೇಳಿದ್ದು ಅಡಾಪ್ಟರ್. "ಯಂತ್ರ ಆಮೇಲೆ. ಕರೆಂಟು ಕೊಡೋದು ಯಾವ್ದು, ಅದ್ನ ಕೊಡು." ಅದರ ಬೆನ್ನಿನ ಮೇಲಿನ ಚಿಕ್ಕ ಗುರುತನ್ನು ಭೂತಗನ್ನಡಿಯಲ್ಲಿ ಓದಿದರು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದನ್ನು ನೋಡದೆ ಸಿಕ್ಕ ಅಡಾಪ್ಟರ್ ಚುಚ್ಚಿದರೆ ಕತೆ ಮುಗಿಯಿತು. ಅಸಲಿ ಫ್ಯಾಮಿಲಿ ಕಂಪ್ಯೂಟರಿಗೆ ನಡುವೆ ಮೈನಸ್. ನಕಲಿಗಳಿಗೆ ಒಂದೊಂದಕ್ಕೆ ಒಂದೊಂದು. ಅದೇ ಕಂಪನಿಯ ಅಮೆರಿಕದ ಯಂತ್ರದ ಜೊತೆ ಬರುತ್ತಿದ್ದ ಅಡಾಪ್ಟರ್ ಕೊಡುವುದಂತೂ ಎಸಿ ಕರೆಂಟು, ಇದಕ್ಕೆ ಬೇಕಾದದ್ದು ಡಿಸಿ, ಅದನ್ನು ಇದಕ್ಕೆ ಹಾಕಿದರೆ ಸುಟ್ಟೇ ಹೋಗಬಹುದು. ಮಲ್ಟಿಮೀಟರ್ ಹಚ್ಚಿದಾಗ 9 ವೋಲ್ಟಿನದು 13ರ ಮೇಲೆ ತೋರಿಸಿತು. ನಾನು ಗಾಬರಿಯಾದೆ. "ಹೊರೆ ಇಲ್ದೇ ಹೀಗೇ ತೋರಿಸ್ತದೆ, ಯಂತ್ರ ಹಚ್ಚಿದ್ರೆ ಇಳೀತದೆ," ಅಂದರು. ಆದರೂ ಹಳೆಯದು ಬೇಡವೆಂದು ವೋಲ್ಟೇಜು ಏರದ ಹೊಸದೊಂದನ್ನು ಕೊಟ್ಟು, ಅದರ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ಯಾವುದಕ್ಕೆ ಅಂತ ಪೆನ್ನಿನಲ್ಲಿ ಬರೆದರು. ಯಾವ ಮನೆಯಲ್ಲಾದರೂ ಅಡಾಪ್ಟರುಗಳ ಡಬ್ಬಿ ಇದ್ದರೆ ದಯವಿಟ್ಟು ಈ ಒಂದು ಕೆಲಸ ಮಾಡಿ.

ಆಮೇಲೆ ಅಡಿಯ ಸ್ಕ್ರೂ ಬಿಚ್ಚಿದರು. ಬಿಚ್ಚುವ ಮೊದಲು ವೈರುಗಳನ್ನು ಬಿಡಿಸಬೇಕಿತ್ತು, ಅವು ಸುಲಭಕ್ಕೆ ಏಳಲಿಲ್ಲ. ಎದ್ದಾಗ ಮೇಲಿನ ಮುಚ್ಚಳದ ಮೇಲೆ ವೈರು ಇದ್ದಲ್ಲೆಲ್ಲ ತೋಡು ಬಿದ್ದಿತ್ತು. ಮೆತ್ತಗಿರಲೆಂದು ವೈರಿನ ಹೊದಿಕೆಗೆ ಸೇರಿಸಿದ ಎಣ್ಣೆಯಂಥ ದ್ರವ್ಯ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಹೊರಗೆ ಬಂದು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದಂತೆ. ನಾನು ಬೆರಳು ಆಡಿಸಿ ನೋಡಿದೆ. ಸುತ್ತಿದ ಸುತ್ತುಗಳನ್ನು ಎಣಿಸಬಹುದಿತ್ತು, ಎಲ್ಲಿ ಆಯಿ ಬಿಗಿಯಾಗಿ ಎಳೆದಿದ್ದಳು, ಎಲ್ಲಿ ಕೊನೆಯ ಗಂಟು ಹಾಕಿದ್ದಳು, ಅದೂ ಗೊತ್ತಾಗುತ್ತಿತ್ತು. ಒಳಗೆ ಕ್ಯಾಸೆಟ್ ಕೂರುವ ಜಾಗದ ತಾಮ್ರದ ಹಲ್ಲುಗಳಿಗೆ ಹಸಿರು ಕಿಲುಬು. ನಮ್ಮ ಉಪ್ಪುಗಾಳಿ ಮತ್ತು ಮಳೆಗಾಲದ ಥಂಡಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸೇರಿಕೊಂಡಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಯಂಥ ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ಆ ಮಾತು ಬಂದದ್ದು ಆಗಲೇ. "ಆಡಿ ಕೆಟ್ಟದ್ದಲ್ಲ ತಂಗಿ ಇದು."

ಆಡಿ ಸವೆದದ್ದನ್ನೂ ತೋರಿಸಿದರು. ಮೊದಲನೇ ಕಂಟ್ರೋಲರ್ ಬಿಚ್ಚಿದರೆ ಬಟನ್ನಿನಡಿಯ ರಬ್ಬರಿನ ಕಪ್ಪು ಬೊಟ್ಟುಗಳು ನುಣ್ಣಗಾಗಿದ್ದವು, ಅದರಲ್ಲೂ ಎ ಬಟನ್ನಿನದು. ಅಣ್ಣನ ಹೆಬ್ಬೆರಳು. ಸ್ಪಿರಿಟ್ಟಿನಲ್ಲಿ ಒರೆಸಿ ಕೂರಿಸಿದ ಕೂಡಲೇ ಅದು ಮೊದಲಿನ ಹಾಗೇ ಕೆಲಸ ಮಾಡಿತು. ಎರಡನೆಯದು ನನ್ನದು. ಅದಕ್ಕೆ ಸ್ಟಾರ್ಟ್ ಬಟನ್ನೂ ಇಲ್ಲ, ಸೆಲೆಕ್ಟೂ ಇಲ್ಲ. ಜಪಾನಿನ ಅಸಲಿಯಲ್ಲೇ ಹಾಗಿತ್ತು, ನಕಲು ಮಾಡಿದವರೂ ಹಾಗೇ ಬಿಟ್ಟರು. ಆಟ ಶುರು ಮಾಡುವುದು, ನಿಲ್ಲಿಸುವುದು ಎರಡೂ ಅಣ್ಣನ ಕೈಯಲ್ಲಿ. ನೀರು ಕುಡಿಯಲು ಏಳಬೇಕೆಂದರೂ ನಾನು ಅವನನ್ನು ಕೇಳಬೇಕಿತ್ತು. ಅವನು ಕೆಟ್ಟವನಲ್ಲ, ಆದರೆ ದೊಡ್ಡವನು. ಈಗ ಪುಣೆಯಲ್ಲಿದ್ದಾನೆ, ಫೋನಿನಲ್ಲಿ ಮಾತೂ ಅವನೇ ಶುರು ಮಾಡಿ ಅವನೇ ಮುಗಿಸುತ್ತಾನೆ.

ಕ್ಯಾಸೆಟ್ ಊದುವ ವಿಷಯದಲ್ಲಿ ಮಾತ್ರ ಮಾಮ ಖಾರವಾದರು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಅಂತ ಊದಿ ಮತ್ತೆ ಹಾಕುವುದು ಆ ಕಾಲದ ಎಲ್ಲ ಮಕ್ಕಳಿಗೂ ಬರುತ್ತಿದ್ದ ವಿದ್ಯೆ. ಕೆಲಸ ಆಗುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಒತ್ತಿ ಕೂರಿಸಿದ್ದಕ್ಕೆ. ಬಾಯಿಯ ತೇವ ಪಿನ್ನಿಗೆ ತಾಗಿ ಕಿಲುಬು ಹಿಡಿಯುವುದು ಇನ್ನಷ್ಟು ಬೇಗ ಆಗುತ್ತದೆ. ಊದಬೇಡಿ ಅಂತ ನಿಂಟೆಂಡೊದವರೇ ಹೇಳಿದ್ದಿದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಇಯರ್‌ಬಡ್ ಅದ್ದಿ 60 ಪಿನ್ನುಗಳನ್ನೂ ಒಂದೊಂದಾಗಿ ತಿಕ್ಕುವ ಕೆಲಸ ನನಗೇ ಕೊಟ್ಟರು. ಒಂದು ಪಕ್ಕ 30, ಇನ್ನೊಂದು ಪಕ್ಕ 30. ಹತ್ತಿ ಮೊದಲು ಕಪ್ಪಾಗಿ, ಆಮೇಲೆ ಹಸಿರಾಗಿ, ಕೊನೆಗೆ ಬೆಳ್ಳಗೇ ಬಂತು. ಗಟ್ಟಿ ಕಲೆಗೆ ಬಿಳಿ ರಬ್ಬರ್ ಸಾಕು, ಮರಳುಕಾಗದ ಮುಟ್ಟಿಸಬಾರದು, ಮೇಲಿನ ಲೇಪವೇ ಎದ್ದುಹೋಗುತ್ತದೆ. ಹಳದಿಯಾದ ಮೈಯನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ನನಗೆ ಅದು ಬೇಡ. ತೋಡು, ಹಳದಿ ಎರಡೂ ಇರಲಿ.

ಅದೇ ಸಂಜೆ ತವರುಮನೆಗೆ ಬಂದು ಮಾಮನ ಮಾತನ್ನು ಆಯಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಯಿಂದ ಕೈ ತೆಗೆದು ನನ್ನನ್ನೇ ನೋಡಿದಳು.

"ಆಡ ಮಕ್ಕಳೇ ಮನೇಲಿ ಇಲ್ಲೆ ಅಂದ್ಮೇಲೆ, ಇಡದೇ ಎಂತ ಮಾಡಕಾಗಿತ್ತು?"

ನನ್ನ ಬಳಿ ಉತ್ತರ ಇರಲಿಲ್ಲ. ಅಣ್ಣ ಇಂಜಿನಿಯರಿಂಗಿಗೆ ಹೋದ, ನಾನು ಮದುವೆಯಾಗಿ ಘಟ್ಟ ಹತ್ತಿದೆ. ಅಪ್ಪ ಹೋದರು. ಮಾಮನ ಮಾತು ಸರಿ, ಆದರೆ ಅದು ವಸ್ತುವಿನ ಕಡೆಯಿಂದ ಸರಿ. ಆಯಿಯ ಕಡೆಯಿಂದ ನೋಡಿದರೆ ಇಡುವುದೊಂದೇ ಅವಳಿಗೆ ಉಳಿದಿದ್ದ ಕೆಲಸ, ಅದನ್ನು ಕೈಲಾದಷ್ಟು ಚೊಕ್ಕವಾಗಿ ಮಾಡಿದಳು. ನಮ್ಮ ಕೇರಿಯಲ್ಲಿ ಬೀಗ ಹಾಕಿದ ಮನೆಗಳು ಈಗ ಎಷ್ಟಿವೆ! ಚೌತಿಗೆ ಬಂದು ಬಾಗಿಲು ತೆಗೆದು ಕಸ ಗುಡಿಸಿ ಹೋಗುತ್ತಾರೆ. ಒಲೆ ಉರಿಯದ ಮನೆಯ ಜಂತಿಗೆ ಗೆದ್ದಲು ಹತ್ತುತ್ತದೆ, ಸೇದದ ಬಾವಿಯ ನೀರು ವಾಸನೆ ಬರುತ್ತದೆ. ಆ ಮನೆಯವರೂ ಕೆಡಲಿ ಅಂತ ಬೀಗ ಹಾಕಿದ್ದಲ್ಲ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ದುಬೈಯಲ್ಲಿ ಕೆಲಸ ಸಿಕ್ಕಿತು, ಇಲ್ಲಿ ಸಿಗಲಿಲ್ಲ. ಇಟ್ಟು ಕೆಟ್ಟದ್ದು ಅಂತ ಹೇಳುವಾಗ ಯಾರು ಯಾಕೆ ಇಟ್ಟರು ಅನ್ನುವುದನ್ನೂ ಕೇಳಬೇಕು. ಮಾಮನಿಗೆ ಇದನ್ನು ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತಿದೆ, ಅವರ ಮಗನೂ ಊರಲ್ಲಿಲ್ಲ.

ಭಾನುವಾರ ಟೀವಿಗೆ ಹಚ್ಚಿದೆವು. ಹಳದಿ ಪಿನ್ನು ಚಿತ್ರಕ್ಕೆ, ಪಕ್ಕದ್ದು ಶಬ್ದಕ್ಕೆ. ಬಂತು! ಬಣ್ಣ ತುಸು ಕಲಸಿದ ಹಾಗೆ ಕಂಡರೂ ಆ ಸಂಗೀತ ಬಂದ ಕೂಡಲೇ ನನಗೆ ಮೈ ಜುಂ ಎಂದಿತು. ಗನ್ ಮಾತ್ರ ಕೈಕೊಟ್ಟಿತು. ಮಗಳು ಟೀವಿಗೆ ತಾಗಿಸಿ ಹೊಡೆದರೂ ಬಾತುಕೋಳಿ ಬೀಳಲಿಲ್ಲ. ಗನ್ ಹಾಳಾಗಿಲ್ಲ ಅಂತ ಅವಳಿಗೆ ಬಿಡಿಸಿ ಹೇಳಿದೆ. ಅದರಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬರೀ ನೋಡುತ್ತದೆ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಮರುಕ್ಷಣ ಹಕ್ಕಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಬಲ್ಬಿಗೆ ಹಿಡಿದು ಮೋಸ ಮಾಡಬಾರದೆಂದೇ ಆ ಕತ್ತಲೆ. ಹಳೇ ಡಬ್ಬಾ ಟೀವಿ ಚಿತ್ರವನ್ನು ಬಂದ ಬಂದ ಹಾಗೆ ಗೆರೆಗೆರೆಯಾಗಿ ಬರೆಯುತ್ತದೆ. ಎಲ್‌ಇಡಿ ಟೀವಿ ಚಿತ್ರವನ್ನು ತಿದ್ದಿ ತೀಡಿ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಹಿಂದಿನ ಮನೆಯವರು ಡಬ್ಬಾ ಟೀವಿಯನ್ನು ಗುಜರಿಗೆ ಹಾಕುವವರಿದ್ದರು. ಬೇಡಿ, ನನಗೆ ಕೊಡಿ ಅಂತ ಹೇಳಿ ಬಂದಿದ್ದೇನೆ.

ಯಂತ್ರವನ್ನು ಸಿರ್ಸಿಗೆ ತರುವುದೆಂದು ನನ್ನ ಲೆಕ್ಕ. ಆಯಿ ಒಪ್ಪಲಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಹಚ್ಚಬೇಕು, ಬೆಚ್ಚಗಾದರೆ ಥಂಡಿ ಬಿಡುತ್ತದೆ, ಕೊಟ್ಟೆಯಲ್ಲಿ ಕಟ್ಟಬಾರದು, ವೈರನ್ನು ಸಡಿಲಾಗಿ ಬೇರೆ ಇಡಬೇಕು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಕು ಅಂತ ಮಾಮ ಹೇಳಿದ್ದನ್ನು ಅವಳು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಸ್ವಿಚ್ಚು ಯಾವುದು, ಕ್ಯಾಸೆಟ್ ತೆಗೆಯುವ ಮೊದಲು ಬಂದ್ ಮಾಡಬೇಕೋ ಬೇಡವೋ, ಎಲ್ಲ. ಮಾಡಲೇಬೇಕು ಅಂದೆ.

ನಿನ್ನೆ ರಾತ್ರಿ ಅವಳ ಫೋನು. ಹಚ್ಚಿದ್ದಳಂತೆ. ಹತ್ತು ನಿಮಿಷ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ.

"ಆ ಟೊಪ್ಪಿ ಹಾಕಿದವ ಮೊದಲ್ನೇ ಹೊಂಡಕ್ಕೇ ಬಿದ್ದು ಸಾಯ್ತ. ಎಂತ ಮಾಡವು?"

"ಯಾವ ಕಂಟ್ರೋಲರ್ ಹಿಡಿದಿದ್ದೆ ಆಯಿ?"

"ಅಣ್ಣಂದು."

"ಹಾಂ, ಅದರಲ್ಲಿ ಎ ಬಟನ್ ಇದೆ ನೋಡು. ಮುಟ್ಟಿ ಬಿಡೋದಲ್ಲ. ಒತ್ತಿ ಹಿಡಿದರೆ ಎತ್ತರ ಹಾರ್ತಾನೆ."